ಗೇಣುದ್ದದ ರಾಣಿಯ ಏಳನೇ ಬಾಗಿಲು

ಏಳು ಕೆರೆಯ ನೀರು ಒಂದೇ ಕಾಲುವೆಯಲ್ಲಿ ಹರಿಯುತ್ತಿದ್ದ ಕಾಲದಲ್ಲಿ ಗೇಣುದ್ದದ ಒಬ್ಬ ರಾಣಿಯಿದ್ದಳಂತೆ. ಅವಳ ಊರಿನ ಬೆಳಕನ್ನೆಲ್ಲ ಬೆಂಕಿ ಉಗುಳುವ ಗೊರವಂಕ ಹಕ್ಕಿಯೊಂದು ಕದ್ದೊಯ್ದು ಏಳು ಬಾಗಿಲ ಕೋಟೆಯಲ್ಲಿ ಬಚ್ಚಿಟ್ಟಿತಂತೆ. ಮೊದಲ ಬಾಗಿಲಲ್ಲಿ ಹಲ್ಲಿರುವ ಬಂಡೆ, ಎರಡನೆಯದರಲ್ಲಿ ಸೂರಿನ ಮೇಲೆ ತಲೆಕೆಳಗಾಗಿ ನಡೆಯುವ ಏಡಿ. ಹೀಗೆ ಒಂದೊಂದನ್ನೇ ಹಾರಿ, ನೆಗೆದು, ಗೆದ್ದು, ರಾಣಿ ಏಳನೇ ಬಾಗಿಲಿಗೆ ಬಂದು ನಿಂತಳಂತೆ.

"ಆಮೇಲೆ?" ಎಂದು ಪವಿತ್ರ ಕೇಳಿದರೆ ಅಜ್ಜಿ ಚಿಕ್ಕಬೀರಮ್ಮ, "ಆಮೇಲೆ ಡಬ್ಬ ಸುಟ್ಟೋಯ್ತು ಕಣ್ ಮಗ, ಮನಿಕೊ," ಎನ್ನುತ್ತಿದ್ದಳು.

ರಾಣಿಯ ಕಥೆಯೊಳಗೆ ಡಬ್ಬ ಯಾಕೆ ಬಂತೆಂದು ಪವಿತ್ರಳಿಗೆ ತಿಳಿದದ್ದು ಒಂಬತ್ತನೇ ವಯಸ್ಸಿನಲ್ಲಿ. ಅಜ್ಜಿ ಹೇಳುತ್ತಿದ್ದದ್ದು ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮಿನ ಕಥೆ. ಅಪ್ಪ ಮೈಸೂರಿನಿಂದ ತಂದಿದ್ದ ಆ ಆಟದಲ್ಲಿ ಅವರ ಊರು ಬಿಳಿಕೆರೆಯಲ್ಲೇ ಅಜ್ಜಿಯನ್ನು ಮೀರಿಸುವವರಿರಲಿಲ್ಲ. ಹೊಲದಿಂದ ಬಂದು ಕೈಕಾಲು ತೊಳೆದವಳೇ ಟೀವಿ ಮುಂದೆ ಕೂರುತ್ತಿದ್ದಳು. ಏಳನೇ ಬಾಗಿಲು ಮುಟ್ಟಿದ ದಿನವೇ ಡಬ್ಬದಿಂದ ಹೊಗೆ ಬಂದಿತ್ತು. ಇದನ್ನು ಕೇಳಿದ ಪವಿತ್ರ, "ಆ ಬಾಗಿಲು ನಾನು ದಾಟುಸ್ತೀನಿ ಅಜ್ಜಿ," ಎಂದು ಮಾತು ಕೊಟ್ಟಿದ್ದಳು.

ಆ ಮಾತಿಗೆ ಹದಿನೈದು ವರ್ಷವಾಯಿತು. ಈಗ ಚಳಿ ಬಂತೆಂದರೆ ಅಜ್ಜಿಯ ಹೆಬ್ಬೆರಳು ಮರದ ತುಂಡಿನಂತಾಗುತ್ತದೆ. ಮುಂದಿನ ವರ್ಷ ಬಟನ್ ಒತ್ತಲಾದೀತೋ ಇಲ್ಲವೋ. ಹಾಗಾಗಿ ಒಂದು ಭಾನುವಾರ ಪವಿತ್ರ ಲ್ಯಾಪ್‌ಟಾಪನ್ನು ಜಗುಲಿಯ ಮೇಲಿಟ್ಟು, ಹಳೇ ಡಬ್ಬದ ಕೆಲಸವನ್ನು ಕಂಪ್ಯೂಟರಿನಲ್ಲೇ ಮಾಡುವ ಸಾಫ್ಟ್‌ವೇರ್ ತೆರೆದಳು. ಪರದೆಯ ಮೇಲೆ ಗೇಣುದ್ದದ ರಾಣಿ ಕುಪ್ಪಳಿಸಿ ಬಂದಳು.

ಅಜ್ಜಿಯ ಮುಖ ಅರಳಿತು. ಕೈ ಮುಂದೆ ಬಂತು. ಅಲ್ಲೇ ನಿಂತಿತು.

"ಇದ್ನ ಯಾರ್ ಕೊಟ್ರು ಮಗ?"

"ಯಾರೂ ಕೊಡ್ಲಿಲ್ಲ. ನೆಟ್ಟಲ್ಲಿತ್ತು, ಇಳಿಸ್ಕೊಂಡೆ."

"ಕೇಳ್ದೆ?"

ಅಜ್ಜಿಯ ಕಟ್ಟಳೆ ಪವಿತ್ರಳಿಗೆ ಗೊತ್ತಿತ್ತು. ದಾರಿಯಲ್ಲಿ ಹೋಗುವವರು ಯಾರ ಹೊಲದ ಅವರೆಕಾಯನ್ನಾದರೂ ನಿಂತು ತಿನ್ನಬಹುದು, ಮಡಿಲಿಗೆ ಕಟ್ಟಿಕೊಂಡು ಹೋಗುವಂತಿಲ್ಲ.

"ನೀನು ಮಡಿಲಿಗೆ ಕಟ್ಕೊಂಡು ಬಂದಿದ್ದೀಯ," ಎಂದು ಅಜ್ಜಿ ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತಳು.

ಮಾರನೆಯ ದಿನ ಇಬ್ಬರೂ ಹುಣಸೂರಿನ ಬಸ್ ಹತ್ತಿದರು. ಅಜ್ಜಿಯ ಅಕ್ಕನ ಮಗ ಲಿಂಗರಾಜು ಅಲ್ಲಿ ವಕೀಲ. ಮೂವತ್ತು ವರ್ಷ ಬದುವಿನ ಜಗಳ ನೋಡಿ ಸಾಕಾಗಿದ್ದವನು ಇದನ್ನು ಕೇಳಿ ಕುರ್ಚಿ ಎಳೆದುಕೊಂಡು ಕೂತ.

"ನೋಡು ಚಿಕ್ಕವ್ವ, ಡಬ್ಬದ ಹಾಗೆ ನಟಿಸೋ ಸಾಫ್ಟ್‌ವೇರ್‌ದು ಏನೂ ತಪ್ಪಿಲ್ಲ. ಆಟನ ಕೇಳ್ದೆ ಇಳಿಸ್ಕೊಂಡಿದ್ದು ತಪ್ಪು, ಮಾಡ್ದೋರ ಹಕ್ಕು ಇನ್ನೂ ಅವರತ್ರನೇ ಅದೆ. ಡಬ್ಬಕ್ಕೆ ಸಿಕ್ಕಿಸೋ ಆಟದ ಕ್ಯಾಸೆಟ್ ನಿಮ್ಮದೇ ಅಸಲಿ ಇದ್ದು, ಅದು ಹಾಳಾದೀತು ಅಂತ ಒಂದು ನಕಲು ಮಾಡ್ಕೊಂಡ್ರೆ ಕಾನೂನು ಜಾಗ ಕೊಡ್ತದೆ ಅನ್ನೋದು ನನ್ನ ಅಭಿಪ್ರಾಯ. ಗ್ಯಾರಂಟಿ ಹೇಳಕಾಗಲ್ಲ. ಇಂಥ ಕೇಸು ಇಲ್ಲಿಗೆ ಯಾರೂ ತಂದಿಲ್ಲ."

ಅಜ್ಜಿ ಗೆದ್ದವಳಂತೆ ಕೈಚೀಲದಿಂದ ಬಟ್ಟೆ ಸುತ್ತಿದ್ದ ಕ್ಯಾಸೆಟ್ ತೆಗೆದಳು. ಇಪ್ಪತ್ತು ವರ್ಷ ಅಕ್ಕಿ ಡಬ್ಬದ ಹಿಂದೆ ಕಾಪಾಡಿದ್ದಳು. ಲಿಂಗರಾಜು ತಿರುಗಿಸಿ ನೋಡಿದ. ಮೇಲೆ 'ಲಕ್ಷ ಆಟ ಒಂದರಲ್ಲಿ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

"ಚಿಕ್ಕವ್ವ, ಇದೇ ಕಳ್ಳಮಾಲು ಕಣವ್ವ."

"ಏನಂದೆ?"

"ಅಸಲಿಯಲ್ಲಿ ಒಂದೇ ಆಟ ಇರ್ತದೆ. ನೀನು ಅಷ್ಟು ವರ್ಷ ಆಡಿದ್ದೇ ಕದ್ದ ಆಟ."

ಪವಿತ್ರಳಿಗೆ ನಗು ತಡೆಯಲಾಗಲಿಲ್ಲ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು, "ನಿಮ್ಮಪ್ಪನ ಕಾಲು ಮುರಿಯಾ," ಎಂದು ಪವಿತ್ರಳತ್ತ ತಿರುಗಿ, ಅದನ್ನು ತಂದಿದ್ದ ಮಗನನ್ನು ಬೈದು, ಕಡೆಗೆ ತಾನೂ ನಕ್ಕಳು. ಆದರೆ ಆ ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಳ್ಳಲಿಲ್ಲ, ಅಲ್ಲೇ ಮೇಜಿನ ಮೇಲೆ ಬಿಟ್ಟಳು. ಪವಿತ್ರಳೂ ಇಳಿಸಿಕೊಂಡದ್ದನ್ನು ಅವಳ ಕಣ್ಣೆದುರಿಗೇ ಅಳಿಸಿದಳು.

ಲಿಂಗರಾಜು ಗಡ್ಡ ಕೆರೆದುಕೊಂಡ. "ಅಸಲಿ ಒಂದು ಕಡೆ ಅದೆ. ಹುಡುಗ್ರಾಗಿದ್ದಾಗ ಬೀಚನಹಳ್ಳಿ ಡ್ಯಾಮ್ ಕ್ವಾರ್ಟ್ರಸ್‌ಗೆ ಹೋಗಿ ಆಡ್ತಿದ್ವು. ಗೇಟ್ ಗುರುಸ್ವಾಮಿಯೋರ ಮನೇಲಿ."

ಕಬಿನಿ ಅಣೆಕಟ್ಟಿನ ಗೇಟ್ ನೋಡಿಕೊಳ್ಳುತ್ತಿದ್ದ ಗುರುಸ್ವಾಮಿ ಈಗ ನಿವೃತ್ತ, ಬೀಚನಹಳ್ಳಿಯಲ್ಲೇ ಮನೆ. ಅಜ್ಜಿ, ಮೊಮ್ಮಗಳು ಅಲ್ಲಿಗೆ ಹೋದಾಗ ಅಟ್ಟದಿಂದ ಡಬ್ಬ, ಕ್ಯಾಸೆಟ್ ಎರಡನ್ನೂ ಇಳಿಸಿಕೊಟ್ಟರು. ಡಬ್ಬದೊಳಗೆ ಇರುವೆ ಗೂಡು ಕಟ್ಟಿತ್ತು. ಕ್ಯಾಸೆಟ್ ಮಾತ್ರ ಪೆಟ್ಟಿಗೆಯಲ್ಲಿ ಹೊಸದರಂತಿತ್ತು, ಜೊತೆಗೆ ಅವರ ಭಾವಮೈದುನ ಅದನ್ನು ಕೊಂಡಿದ್ದ ದುಬೈ ಅಂಗಡಿಯ ರಸೀದಿ.

"ತಕೊಂಡೋಗವ್ವ, ನಂಗ್ಯಾಕೆ."

"ಅಂಗೆಲ್ಲ ತಕೊಳಾಕಿಲ್ಲ. ನಾಳೆ ನೀವೇ ಎರವಲು ಕೊಟ್ಟಿದ್ದೆ ಅಂದ್ರೆ? ಧಾರೆ ಎರ್ದು ಕೊಡಿ."

"ನನ್ ಮಗಳ ಮದುವೇಲೂ ಇಷ್ಟು ಶಾಸ್ತ್ರ ಮಾಡ್ಲಿಲ್ಲ ಕಣವ್ವ," ಎನ್ನುತ್ತ ಗುರುಸ್ವಾಮಿ ವೀಳ್ಯದೆಲೆ, ಚೊಂಬು ತರಿಸಿದರು. ಎಲೆಯ ಮೇಲೆ ಕ್ಯಾಸೆಟ್ಟು, ಅದರಡಿ ಅಜ್ಜಿಯ ಬೊಗಸೆ.

"ತಾತ, ನೀರು ಎಲೆ ಅಂಚಿಗೆ ಬುಡಿ, ಕ್ಯಾಸೆಟ್ ಮೇಲೆ ಬ್ಯಾಡ," ಎಂದು ಪವಿತ್ರ ನಡುವೆ ಕೈಯೊಡ್ಡಿದಳು.

"ಮೂವತ್ತೈದು ವರ್ಷ ಕಬಿನಿ ಗೇಟ್ ಎತ್ತಿ ನೀರು ಬುಟ್ಟೋನು ನಾನು. ನಂಗೇ ಹೇಳ್ಕೊಡ್ತೀಯಾ?"

ಎರಡೇ ಹನಿ ಬಿದ್ದವು. "ಇನ್ಮೇಲೆ ಇದು ನಿಮ್ದು," ಎಂದು ಗುರುಸ್ವಾಮಿ ಮೂರು ಸಲ ಹೇಳಿದರು. ಮೂರನೆಯ ಸಲ ಅಜ್ಜಿ ತಲೆಯಾಡಿಸಿದಳು.

ಕ್ಯಾಸೆಟ್ ಓದುವ ಸಣ್ಣ ಯಂತ್ರವನ್ನು ಪವಿತ್ರ ತರಿಸಿಕೊಂಡಿದ್ದಳು. ಮುಂದಿನ ಭಾನುವಾರ ಮಧ್ಯಾಹ್ನ, ಸಾಕ್ಷಿಗೆಂದು ಬಂದ ಲಿಂಗರಾಜು ಪಕ್ಕದಲ್ಲಿ ಕೂತಿರಲು, ಯಂತ್ರ ಏನನ್ನೂ ಓದಲಿಲ್ಲ. ಮತ್ತೆ ಹಾಕಿದರೂ ಇಲ್ಲ. ಅಜ್ಜಿ ಕ್ಯಾಸೆಟ್ ಕಿತ್ತುಕೊಂಡು ಅದರ ಬಾಯಿಗೆ ಉಫ್ ಎಂದು ಊದಿ ಹಿಂದಿರುಗಿಸಿದಳು. ಓದಿತು. ನಕಲು ಲ್ಯಾಪ್‌ಟಾಪಿಗೆ ಇಳಿಯಿತು.

ಬಿಸಿ ಹರಳೆಣ್ಣೆ ತಿಕ್ಕಿಸಿಕೊಂಡ ಹೆಬ್ಬೆರಳು ಮೆಲ್ಲಗೆ ಹಳೇ ದಾರಿ ಹಿಡಿಯಿತು. ಬಂಡೆ ದಾಟಿತು, ಏಡಿ ದಾಟಿತು. ಆರನೇ ಬಾಗಿಲಾದ ಮೇಲೆ ಪವಿತ್ರ, "ಇಲ್ಲಿ ಉಳಿಸ್ಕೊಬೋದು ಅಜ್ಜಿ, ಸತ್ರೆ ಇಲ್ಲಿಂದ್ಲೇ ಶುರು," ಎಂದಳು.

ಅಜ್ಜಿ ವಕೀಲನ ಕಡೆ ನೋಡಿದಳು. "ಅದು ಮೋಸ ಅಲ್ವೇನ್ಲಾ?"

"ಅದಕ್ಕೂ ಕಾನೂನಿಗೂ ಸಂಬಂಧ ಇಲ್ಲ ಚಿಕ್ಕವ್ವ."

"ಅಂಗಾರೆ ಉಳಿಸು ಮಗ."

ಹನ್ನೊಂದು ಸಲ ರಾಣಿ ಸತ್ತಳು. ಹನ್ನೊಂದು ಸಲವೂ ಅಜ್ಜಿ ಗೊರವಂಕದ ವಂಶವನ್ನೇ ಬೈದಳು. ಹನ್ನೆರಡನೆಯ ಸಲ ಬೆಂಕಿ ಉಗುಳಲು ಅದು ಕೊಕ್ಕು ತೆರೆದ ಗಳಿಗೆಗೆ ರಾಣಿ ಅದರ ನೆತ್ತಿಯ ಮೇಲೆ ನೆಗೆದಳು. ಗೊರವಂಕ ಪುಕ್ಕದ ರಾಶಿಯಾಯಿತು, ಬಾಗಿಲು ತೆರೆಯಿತು.

ಒಳಗೆ ಕಪ್ಪು ಆಕಾಶ. ಅದರ ಮೇಲೆ ಬಿಳಿ ಅಕ್ಷರಗಳು ಒಂದೊಂದಾಗಿ ಏರಿ ಬರತೊಡಗಿದವು.

"ಏನದು?"

"ಈ ಆಟ ಮಾಡ್ದೋರ ಹೆಸರು, ಅಜ್ಜಿ."

"ಓದು."

ಪವಿತ್ರ ಓದಿದಳು. ನಾಲಿಗೆ ಹೊರಳದ ಜಪಾನಿನ ಹೆಸರುಗಳು, ಚಿತ್ರ ಬರೆದವರು, ಸಂಗೀತ ಮಾಡಿದವರು. ಒಂದೊಂದು ಹೆಸರಿಗೂ ಅಜ್ಜಿ, "ಊಂ," ಎಂದಳು, ಥೇಟ್ ಕಥೆ ಕೇಳುವ ಮಕ್ಕಳ ಹಾಗೆ. ಕೊನೆಯ ಹೆಸರು ಮೇಲೇರಿ ಮರೆಯಾಗುವವರೆಗೂ ಅವಳು ಕದಲಲಿಲ್ಲ.