ಐದರ ಬಸ್ಸು

"ನಿನ್ನ ಕೈಲಿ ಆಗುದಿಲ್ಲಾ ಬೀರಿ! ಸುಮ್ನೆ ಗೋಣಿ ಮಡಚು. ಆ ಜಾಗ ನಂಗೆ ಬಿಡು!" ಅಂದ ದೇವ.

"ಅವ್ವಿ ಕೂತ ಜಾಗ ಇದು. ನಿಂಗೆಂತಕ್ಕೆ ಬಿಡ್ಬೇಕು ಅಣ್ಣಾ?"

"ಒಂದೇ ಊರಿನ ಹರಿವೆ, ಒಂದೇ ಬಸ್ಸಲ್ಲಿ ಬಂದದ್ದು. ನಂದು ಒಂದ್ ಕಟ್ಟೂ ಉಳಿಯುದಿಲ್ಲಾ. ನಿಂದು ದಿನಾ ಅರ್ಧ ಬುಟ್ಟಿ ಬಾಡ್ತದೆ. ಗಿರಾಕಿ ಕರೂಕೆ ಬಾಯಿಲ್ಲಾ ನಿಂಗೆ."

ಇಬ್ಬರೂ ಅಂಕೋಲೆ ಕಡೆಯವರು, ಒಡಹುಟ್ಟಿದವರು. ಕಾರವಾರದ ಮಾರ್ಕೆಟ್ ರಸ್ತೆಯಲ್ಲಿ ಅಕ್ಕಪಕ್ಕ ಗೋಣಿ ಹಾಸಿ ಸೊಪ್ಪು ಮಾರುತ್ತಾರೆ. ಅವರೆದುರು ನಿಂಬೆಹಣ್ಣು ಇಟ್ಟುಕೊಂಡು ಕೂರುವವಳು ನಾನು. ನನಗೆ ತಡೆಯಲಿಲ್ಲ.

"ಸುಳ್ಳು ಹೇಳ್ಬೇಡ ಮಾರಾಯಾ! ಆಫೀಸಿನವ್ರು, ನೇವಿಯವ್ರು ಪೇಟೆಗೆ ಬರುದು ದೀಪ ಹತ್ತಿದ ಮೇಲೆ. ಬೀರಿ ಐದರ ಬಸ್ಸಿಗೆ ಓಡ್ತದೆ. ಉಳಿದ ಸೊಪ್ಪು ನಿಂಗೇ ಅರ್ಧಕ್ಕೆ ಕೊಟ್ಟು ಹೋಗ್ತದೆ. ಅದೇ ಸೊಪ್ಪಿಗೆ ನೀರು ಚಿಮುಕಿಸಿ ಪೂರ್ತಿ ರೇಟಿಗೆ ಮಾರುವವ ಯಾರು?"

"ಓಡು ಅಂತ ನಾ ಹೇಳಿದ್ನಾ ಗೋದಾವರಕ್ಕಾ?" ಎಂದು ನಕ್ಕ.

ಓಡದೆ ಏನು ಮಾಡುತ್ತಾಳೆ? ಮನೆಯಲ್ಲಿ ಹಾಸಿಗೆ ಹಿಡಿದ ಮಾವ, ಹಾಲು ಕರೆಯಬೇಕಾದ ಎಮ್ಮೆ, ಒಂದು ಲೋಟ ಚಹಾ ಕೂಡ ಕಾಯಿಸದ ಗಂಡ ಕುಪ್ಪ. ದೇವನ ಮನೆಯಲ್ಲಿ ಆ ಕೆಲಸಕ್ಕೆಲ್ಲ ಹೆಂಡತಿ ಇದ್ದಾಳೆ. ಅವನು ರಾತ್ರಿವರೆಗೆ ಕೂತು ದೊಡ್ಡ ವ್ಯಾಪಾರಿ ಆಗುತ್ತಾನೆ.

"ಇವತ್ತು ನಾ ಹೋಗುದಿಲ್ಲಾ," ಎಂದಳು ಬೀರಿ.

ಐದರ ಬಸ್ಸು ಹೋಯಿತು. ದೀಪ ಹತ್ತಿತು. "ಬನ್ನಿ ಬಾಯೀ, ಎಳೇ ಹರಿವೆ, ಬಸಳೆ!" ಬೀರಿ ಕೂಗಿದ್ದೇ ಕೂಗಿದ್ದು. ದೇವನಿಗಿಂತ ಮೊದಲು ಅವಳ ಬುಟ್ಟಿ ಖಾಲಿಯಾಯಿತು. "ಕಂಡ್ಯಾ ಗೋದಾವರಕ್ಕಾ?" ಎಂದು ಬುಟ್ಟಿ ಬೋರಲು ಹಾಕಿ ತೋರಿಸಿದಳು. ದೇವ ತನ್ನ ಉಳಿದ ಕಟ್ಟುಗಳಿಗೆ ನೀರು ಚಿಮುಕಿಸತೊಡಗಿದ.

ಮರುದಿನ ಬೀರಿ ಮಧ್ಯಾಹ್ನದ ಹೊತ್ತಿಗೆ ಬಂದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ.

"ನಿನ್ನೆ ಸಂಜೆ ಮಾವ ಬಿದ್ದ. ನೀರು ಬೇಕಂತ ಒಬ್ನೇ ಎದ್ದನಂತೆ. ಸೊಂಟ ಮುರಿದದೆ. ಇಲ್ಲೇ ಆಸ್ಪತ್ರೇಲಿ ಮಲಗ್ಸಿ ಬಂದೆ."

"ಕುಪ್ಪ ಮನೇಲಿ ಇರ್ಲಿಲ್ವನೇ?"

"ಇದ್ದಿದ್ದ. ಟಿವಿ ನೋಡ್ತಿದ್ದ."

ನನ್ನ ಮೈ ಉರಿಯಿತು. "ಮತ್ತೆ ಬೈಸ್ಕಂಡದ್ದು ಯಾರು?"

"ನಾನೇ. ಅಂವ, ಅತ್ತಿಗೆ, ಕೇರಿಯವ್ರು, ಎಲ್ಲಾ ಬೈದ್ರು. ಇನ್ನು ಪೇಟೆ ಬೇಡ ಅಂದ್ರು."

"ನಾ ಮೊದ್ಲೇ ಹೇಳಿದ್ನಲ್ಲಾ, ಹೆಂಗ್ಸರಿಗೆ ವ್ಯಾಪಾರ ಹತ್ತುದಿಲ್ಲಾ," ಎಂದ ದೇವ. ಹೇಳುತ್ತಲೇ ತನ್ನ ಗೋಣಿಯನ್ನು ಅವಳ ಜಾಗಕ್ಕೆ ಎಳೆದು ಹಾಸಿದ.

ಬೀರಿ ಜಗಳ ಆಡಲಿಲ್ಲ. ಆಸ್ಪತ್ರೆಯ ಕಡೆ ಹೊರಟಳು.

"ಏ ಬೀರಿ! ನನ್ನ ಬದಿಗೆ ಕೂರು ಬಾ! ಜಾಗ ನಾ ಹಿಡಿದಿಡ್ತೆ!" ಕೂಗಿದೆ. ತಿರುಗಿ ನೋಡಲಿಲ್ಲ.

ನಿಂಬೆಹಣ್ಣು ಬದಿಗೆ ಸರಿಸಿ ಅವಳಿಗೆಂದು ಸ್ವಲ್ಪ ಜಾಗ ಬಿಟ್ಟೆ. ಮಳೆಗಾಲ ಕಳೆಯಿತು. ಅವಳು ಬರಲೇ ಇಲ್ಲ.