ಕಟ್ಟೋದಾ, ಬೇಡ್ವಾ?

ಬೆಳಗಿನಿಂದ ತಮ್ಮನಿಗೆ ಇದೇ ಕೆಲಸ. ಫೋನು ಕಿಸೆಯಿಂದ ತೆಗೆಯುವುದು, ನೋಡುವುದು, ಮತ್ತೆ ಕಿಸೆಗೆ ಹಾಕುವುದು. ಆಡಿಟರಿಗೆ ಒಂದೇ ಒಂದು ಮಾತು ಹೇಳಬೇಕಿತ್ತು: "ಬೇಡ." ಎರಡೇ ಅಕ್ಷರ. ಅದೂ ಗಂಟಲಿನಿಂದ ಆಚೆ ಬರಲೊಲ್ಲದು.

ಅಕ್ಕ ತಮ್ಮ ಇಬ್ಬರೂ ಸೇರಿ ನಡೆಸುತ್ತಿದ್ದುದು ಸಾರುವೆಯ ಗುತ್ತಿಗೆ. ಗಾರೆಯವರಾಗಲಿ ಬಣ್ಣದವರಾಗಲಿ ಗೋಡೆ ಹತ್ತಬೇಕಾದರೆ ಮೊದಲು ಇವರು ಹೋಗಿ ಬೊಂಬು ನಿಲ್ಲಿಸಿ, ಹಗ್ಗ ಬಿಗಿದು, ಹಲಗೆ ಹಾಸಿಕೊಡಬೇಕು. ಅಪ್ಪನ ಕಾಲದಿಂದ ಬಂದ ಕೆಲಸ. ತೆರಿಗೆ ಇಲಾಖೆಯವರಿಗೆ ಇದ್ದಕ್ಕಿದ್ದ ಹಾಗೆ ಜ್ಞಾನೋದಯವಾಯಿತು ನೋಡಿ, ಇದು ಕೆಲಸವೇ ಅಲ್ಲವಂತೆ! ಬೊಂಬನ್ನು ಬಾಡಿಗೆಗೆ ಕೊಡುವ ವ್ಯಾಪಾರವಂತೆ! ಬಾಡಿಗೆಗೆ ತೆರಿಗೆ ಜಾಸ್ತಿ. ಹಳೇ ವರ್ಷಗಳದ್ದನ್ನೂ ಸೇರಿಸಿ ನೋಟಿಸು ಕಳಿಸಿದರು. ತಕರಾರಿದ್ದರೆ ಧಾರಾಳವಾಗಿ ಮಾಡಿ, ಆದರೆ ಮೊದಲು ಕಟ್ಟಿ, ಆಮೇಲೆ ಮಾಡಿ. ಗೆದ್ದರೆ ದುಡ್ಡು ವಾಪಸು. ಯಾವಾಗ? ಅದನ್ನು ಮಾತ್ರ ಯಾರೂ ಬಾಯಿಬಿಡಲಿಲ್ಲ. ಕಟ್ಟದೆ ನೇರ ಕೋರ್ಟಿಗೂ ಹೋಗಬಹುದಿತ್ತು. ಆಗ ಬ್ಯಾಂಕಿನ ಖಾತೆಗೆ ಬೀಗ ಬಿದ್ದರೂ ಬೀಳಬಹುದು.

"ಬೊಂಬು ತಾನಾಗೇ ನಡ್ಕೊಂಡು ಹೋಗಿ ಗೋಡೆ ಮುಂದೆ ನಿಲ್ಲತ್ತಾ? ಅದಕ್ಕೇನು ಕಾಲಿದೆಯಾ?" ಎಂದು ಅಕ್ಕ ನೋಟಿಸನ್ನು ಮೇಜಿಗೆ ಬಡಿದಿದ್ದಳು. "ನಾನು ಕಟ್ಟಲ್ಲ. ಏನಾದ್ರೂ ಮಾಡ್ಕೊಳ್ಳಲಿ."

ಅಕ್ಕನ ಹಟಕ್ಕೆ ಕಾರಣವಿತ್ತು. ಖಾತೆಯಲ್ಲಿದ್ದದ್ದು ಜಾಗಕ್ಕೆಂದು ಕೂಡಿಟ್ಟ ದುಡ್ಡು, ತೆರಿಗೆ ಕಟ್ಟಿದರೆ ಅಷ್ಟೂ ಖಾಲಿ. ಬೊಂಬು ಪೇರಿಸಿಡುತ್ತಿದ್ದ ಬಾಡಿಗೆಯ ಜಾಗವನ್ನು ಮಾಲೀಕ ಮಾರಲು ಹೊರಟಿದ್ದ. ತಿಂಗಳ ಕೊನೆಯೊಳಗೆ ಕೊಂಡುಕೊಳ್ಳಿ, ಇಲ್ಲವೇ ಖಾಲಿ ಮಾಡಿ ಎಂದಿದ್ದ. ಆ ಜಾಗದ ಮೂಲೆಯಲ್ಲೇ ಅಕ್ಕನ ಕೋಣೆ. ಗಂಡನ ಮನೆ ಬಿಟ್ಟು ಒಂದು ಚೀಲ ಹಿಡಿದು ಬಂದ ವರ್ಷ, ಬೊಂಬಿನ ಕಂಬ ನಿಲ್ಲಿಸಿ, ಹಲಗೆಯ ಗೋಡೆ ಹೊಡೆದು, ತಗಡು ಹೊದಿಸಿ ತಮ್ಮನೇ ಕೈಯಾರೆ ಕಟ್ಟಿಕೊಟ್ಟಿದ್ದ ಅಟ್ಟದ ಕೋಣೆ. ಅವಳಿಗೆ ಮನೆ ಅಂತ ಇದ್ದದ್ದು ಅದೊಂದೇ.

ಯಾವುದಕ್ಕೂ ಇರಲಿ ಎಂದು ಇಬ್ಬರೂ ಸಹಿ ಮಾಡಿದ ಚೆಕ್ಕು ಆಡಿಟರ ಹತ್ತಿರವಿತ್ತು. ನಿನ್ನೆ ಸಂಜೆ ಮಾತಾಗಿತ್ತು: ಕಟ್ಟುವುದು ಬೇಡ. "ಆಡಿಟರಿಗೆ ನೀನೇ ಹೇಳ್ಬಿಡೋ," ಎಂದಳು ಅಕ್ಕ. ಆಯ್ತು ಎಂದು ತಲೆಯಾಡಿಸಿದ. ತಲೆಯಾಡಿಸಲು ಏನು ಖರ್ಚು, ಹೇಳಿ?

ಆದರೆ ಪೇಂಟಿಂಗ್ ಗುತ್ತಿಗೆಯ ಗೆಳೆಯನ ಖಾತೆಗೆ ಬೀಗ ಬಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕೂಲಿ ಸಿಗದ ಆಳುಗಳು ಗೆಳೆಯನ ಮನೆಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದರು. ಬೈಯಲೂ ಇಲ್ಲ. ಅಂದಿನಿಂದ ತಮ್ಮನಿಗೆ ನಿದ್ದೆ ಹಾರಿಹೋಗಿತ್ತು. ಏಳುವುದು, ಚಿಲಕ ನೋಡುವುದು, ನೀರು ಕುಡಿಯುವುದು, ಮತ್ತೆ ಚಿಲಕ ನೋಡುವುದು. "ನಿಮ್ಮ ಜೊತೆ ಮಲಗಿ ಮಂಚವೂ ನಿದ್ದೆಗೆಟ್ಟಿದೆ," ಎಂದಿದ್ದಳು ಹೆಂಡತಿ.

ಇವತ್ತು ಕೆಲಸ ನಡೆಯುತ್ತಿದ್ದದ್ದು ಒಂದು ಆಸ್ಪತ್ರೆಯ ಹೊರಗೋಡೆಗೆ. ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು. ಮೇಲೆ ಮೇಸ್ತ್ರಿ, ಅವನ ಜೊತೆ ಮೂವರು ಆಳುಗಳು. ಹೊಸಬನೊಬ್ಬ ಸಡಿಲ ಕಂಡ ಗಂಟಿಗೆ ಕೈ ಹಾಕಿದ್ದೇ ತಡ, ಮೇಸ್ತ್ರಿ ಅವನ ಕೈಗೆ ಫಟ್ ಎಂದು ಕೊಟ್ಟ. "ಅದು ನಿನ್ನ ಗಂಟೇನೋ? ಕಟ್ಟಿದವನೇ ಬಿಚ್ಚಬೇಕು. ಯಾವ ಗಂಟಿನ ಮೇಲೆ ಎಷ್ಟು ಭಾರ ಇದೆ ಅಂತ ಅವನಿಗೇ ಗೊತ್ತು." ಅದು ಅಪ್ಪ ಹಾಕಿದ ಕಾಯಿದೆ.

"ಆ ಕಡೆ ನೋಡ್ಕೊಂಡು ಕಟ್ರೋ!" ಎಂದು ತಮ್ಮ ಕೆಳಗಿನಿಂದ ಕೂಗಿದ. ಅಷ್ಟರಲ್ಲಿ ಕಿಸೆಯಲ್ಲಿ ಫೋನು ಅದುರಿತು. ಆಡಿಟರು.

"ಸಾರ್, ಕೌಂಟರ್ ಮುಂದೇನೇ ನಿಂತಿದ್ದೀನಿ. ಇವತ್ತೇ ಕೊನೇ ದಿನ, ಇನ್ನೇನು ಮುಚ್ತಾರೆ. ಬೆಳಿಗ್ಗೆಯಿಂದ ನಿಮ್ಮ ಫೋನಿಗೇ ಕಾಯ್ತಿದ್ದೆ. ಏನ್ ಮಾಡ್ಲಿ? ಕಟ್ಟೋದಾ, ಬೇಡ್ವಾ?"

ಅದೇ ಗಳಿಗೆಗೆ ಮೇಲಿನಿಂದ ಮೇಸ್ತ್ರಿ ಬಗ್ಗಿ ಕೂಗಿದ. "ಅಣ್ಣಾ, ಗಾಳಿ ಜೋರಾಗ್ತಿದೆ! ಮೇಲಿನ ಸಾಲು ಇವತ್ತೇ ಕಟ್ಟೋದಾ, ಬೇಡ್ವಾ?"

ತಮ್ಮ ತಲೆ ಎತ್ತಿದ. ಫೋನು ಕಿವಿಯಲ್ಲೇ ಇತ್ತು. ಕಣ್ಣು ಮೇಸ್ತ್ರಿಯ ಮೇಲಿತ್ತು.

"ಕಟ್ಟಿಬಿಡಿ!" ಎಂದ. "ಪೂರ್ತಿ ಕಟ್ಟಿಬಿಡಿ!"

ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ಏನಣ್ಣಾ, ಇವತ್ತು ಮರ್ಯಾದೆ ಜೋರಾಗಿದೆ!" ಎಂದ ಮೇಸ್ತ್ರಿ. ಕಿವಿಯಲ್ಲಿ "ಸರಿ ಸಾರ್" ಎಂಬ ದನಿ ಬಂದು ಫೋನು ಕಟ್ಟಾಯಿತು.

ತಮ್ಮನ ಮೈಯೆಲ್ಲ ಹಗುರವಾಯಿತು. ಮರುಕ್ಷಣವೇ ಅಕ್ಕನ ನೆನಪಾಯಿತು. ತಿರುಗಿ ಫೋನು ಮಾಡಿದ್ದರೆ ಆಗಿತ್ತು, ಆಡಿಟರು ಇನ್ನೂ ಕೌಂಟರಿನ ಮುಂದೆಯೇ ಇದ್ದರು. ಮಾಡಿದನೇ? ಇಲ್ಲ. ಹಗ್ಗದ ಸುರುಳಿ ಎತ್ತಿ ಅಲ್ಲಿಂದ ಇಲ್ಲಿಗೆ ಇಟ್ಟ. ಇಲ್ಲಿಂದ ಅಲ್ಲಿಗೆ ಇಟ್ಟ. ನಾನು ಹೇಳಿದ್ದು ಮೇಸ್ತ್ರಿಗೆ, ಮೇಸ್ತ್ರಿಗೆ ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟರಲ್ಲಿ ರಸೀದಿಯ ಫೋಟೋ ಬಂತು. ಅಕ್ಕನಿಗೂ ಹೋಗಿತ್ತು.

ಹೊತ್ತು ಮುಳುಗುವ ಮುಂಚೆ ತಮ್ಮ ಬೊಂಬಿನ ಜಾಗಕ್ಕೆ ಬಂದಾಗ ಅಕ್ಕ ಬೊಂಬಿನ ರಾಶಿಯ ಮೇಲೆ ಕೂತು ಹಳೇ ಹಗ್ಗ ಸುತ್ತುತ್ತಿದ್ದಳು.

"ಅಕ್ಕಾ, ಎಡವಟ್ಟಾಗಿಹೋಯ್ತು. ನಾನು ಮೇಸ್ತ್ರಿಗೆ ಹೇಳಿದ್ದನ್ನ ಆಡಿಟರು ತಮಗೇ ಅಂದ್ಕೊಂಡುಬಿಟ್ರು."

"ಮೇಸ್ತ್ರಿಗೆ ಏನಂದೆ?"

"ಕಟ್ಟಿಬಿಡಿ ಅಂದೆ."

ಅಕ್ಕನ ಕೈ ನಿಂತಿತು. "ಮೇಸ್ತ್ರಿಗೆ ಯಾವತ್ತಿಂದ ಬಹುವಚನ?"

"ಮೇಲೆ ಇನ್ನೂ ಮೂವರಿದ್ರು..."

"ಅವರಿಗೆ ನೀನು ಕಟ್ರೋ ಅಂತೀಯ." ಅಕ್ಕ ಮೆಲ್ಲಗೆ ಹೇಳಿದಳು. "ಅಪ್ಪನೂ ಹಾಗೇ ಅಂತಿದ್ದ. ಈ ಕೆಲಸದಲ್ಲಿ ಯಾರೂ ಯಾರಿಗೂ ಕಟ್ಟಿಬಿಡಿ ಅಂದಿದ್ದು ನಾನು ಕೇಳಿಲ್ಲ."

ತಮ್ಮ ನೆಲ ನೋಡಿದ. ಕೊನೆಗೆ, "ಭಯ ಆಯ್ತಕ್ಕಾ," ಎಂದ. "ಆಳುಗಳು ಬಂದು ಮೆಟ್ಟಿಲ ಮೇಲೆ ಕೂತ್ಕೊಂಡ್ರೆ ಏನ್ ಮಾಡೋದು? ರಾತ್ರಿಯೆಲ್ಲ ಅದೇ ಕಣ್ಮುಂದೆ."

"ಅದನ್ನ ನನ್ನ ಹತ್ರ ಹೇಳ್ಬೇಕಿತ್ತು. ಜಗಳ ಆಡ್ತಿದ್ದೆ. ಬೈತಿದ್ದೆ. ಆಮೇಲೆ ನಾನೇ ಕಟ್ಟು ಅಂತಿದ್ದೆನೋ ಏನೋ. ಮೇಸ್ತ್ರಿ ಬೆನ್ನ ಹಿಂದೆ ಬಚ್ಚಿಟ್ಕೊಂಡು ಹೇಳಿದ್ಯಲ್ಲೋ!" ಹಾಗೆನ್ನುತ್ತಲೇ ಅತ್ತುಬಿಟ್ಟಳು. ಅಕ್ಕ ಅಳುವುದನ್ನು ತಮ್ಮ ನೋಡಿದ್ದು ಅವಳು ಚೀಲ ಹಿಡಿದು ಬಂದ ದಿನ. ಅದು ಬಿಟ್ಟರೆ ಇವತ್ತೇ.

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಅಟ್ಟ ಹತ್ತಿ ಹಾಸಿಗೆ, ಪಾತ್ರೆ, ಅಪ್ಪನ ಫೋಟೋ ಒಂದೊಂದಾಗಿ ಇಳಿಸಿ ಬೊಂಬಿನ ರಾಶಿಯ ಮೇಲಿಟ್ಟಳು. ಆಮೇಲೆ ಗಂಟು ಬಿಚ್ಚುವ ಕಬ್ಬಿಣದ ಕೊಕ್ಕೆಯನ್ನು ತಂದು ತಮ್ಮನ ಕೈಯಲ್ಲಿಟ್ಟಳು.

"ಇನ್ನೂ ತಿಂಗಳು ಮುಗಿದಿಲ್ಲಕ್ಕಾ. ಏನಾದ್ರೂ ದಾರಿ..."

"ಜಾಗದೋನು ಬಂದು ನಿಂತ್ಕೊಂಡು ನೋಡೋವಾಗ ಬಿಚ್ಚಿಸೋದು ನನಗೆ ಬೇಡ. ಹತ್ತು. ಕಟ್ಟಿದವನೇ ಬಿಚ್ಚಬೇಕು."

ತಮ್ಮ ಹತ್ತಿದ. ಮೊದಲನೇ ಗಂಟಿಗೆ ಕೊಕ್ಕೆ ಹಾಕಿದ. ಅಲ್ಲಾಡಲಿಲ್ಲ. ಹಗ್ಗ ನೆನೆಸಿ, ಕಾಲು ಕೊಟ್ಟು ಎಳೆದು, ಇನ್ನು ಅಕ್ಕ ಎಲ್ಲಿಗೂ ಹೋಗಬೇಕಾಗಿಲ್ಲ ಎಂದುಕೊಂಡು ಬಿಗಿದಿದ್ದ ಗಂಟು ಅದು. ಕಣ್ಣು ಮಂಜಾಗಿ ಕೊಕ್ಕೆ ಜಾರಿತು.

"ನಿಧಾನ ಕಣೋ," ಎಂದಳು ಅಕ್ಕ ಕೆಳಗಿನಿಂದ, ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ಬಿದ್ದೀಯ."