ಲೇಬಲ್ ಕೆರೆದ ರೆಕಾರ್ಡು

ಹಾಡುವ ಗುಂಪೊಂದು ಸತ್ತಿದೆ ಎಂದು ಖಾತ್ರಿಯಾದ ಮೇಲೆಯೇ ಕಂಪನಿಗಳಿಗೆ ಅದರ ಮೇಲೆ ಪ್ರೀತಿ ಉಕ್ಕುವುದು. 'ಮಡ್ ಫೆರಿ'ಯ ಒಳ್ಳೊಳ್ಳೆಯ ಹಾಡುಗಳನ್ನೆಲ್ಲ ಒಂದೇ ಸಿ.ಡಿ.ಯಲ್ಲಿ ತರುತ್ತೇವೆ ಎಂದು ಲಂಡನ್ನಿನಿಂದ ಫೋನು ಬಂದಾಗ ವಿನ್ಸಮ್‌ಗೆ ಮೊದಲು ಬಂದದ್ದು ನಗು. ಬದುಕಿದ್ದಾಗ ಗಂಜಿ ಹಾಕದವರು ತಿಥಿಗೆ ಹೋಳಿಗೆ ಮಾಡಿಸಿದ ಹಾಗೆ!

ಗುಂಪಿನಲ್ಲಿದ್ದವರು ಮೂವರು. ಹಾಡುತ್ತಿದ್ದವಳು ವಿನ್ಸಮ್. ಯಂತ್ರಗಳ ಮುಂದೆ ಕೂತು ತಾಳ ಕಟ್ಟುತ್ತಿದ್ದವನು ಕೆಲ್ವಿನ್. ಹಳೆಯ ರೆಕಾರ್ಡುಗಳಿಂದ ಒಂದೊಂದು ಚೂರು ಕಿತ್ತು ತಂದು ಹಾಡಿಗೆ ಜೀವ ತುಂಬುತ್ತಿದ್ದವನು ಲಿಂಟನ್. ಅವನು ಉಬ್ಬಸದಲ್ಲಿ ಹೋಗಿ ಐದು ವರ್ಷವಾಗಿತ್ತು. ಅವರ ಸಂಗೀತಕ್ಕೆ ಪತ್ರಿಕೆಯವರು ಟ್ರಿಪ್-ಹಾಪ್ ಎಂದು ಹೆಸರಿಟ್ಟರು. ಆ ಹೆಸರು ಕೇಳಿದರೆ ಅವರ ಊರಾದ ಬ್ರಿಸ್ಟಲ್‌ನಲ್ಲಿ ಅದನ್ನು ಮಾಡುತ್ತಿದ್ದವರಿಗೆಲ್ಲ ಮೈ ಉರಿಯುತ್ತಿತ್ತು. ಆದರೆ ಇಟ್ಟ ಹೆಸರನ್ನು ಯಾರು ಒರೆಸಿಯಾರು?

ಅದೇ ಊರಿನ ಬೆಡ್‌ಮಿನ್‌ಸ್ಟರ್ ಬಡಾವಣೆಯ ಕೆಲ್ವಿನ್ ಮನೆಯಲ್ಲಿ ಇಬ್ಬರೂ ಕೂತು ಕಂಪನಿ ಆರಿಸಿದ್ದನ್ನು ಕೇಳಿದರು. ಮೊದಲ ಆಲ್ಬಮ್ಮಿನ ಹಾಡುಗಳಲ್ಲಿ ಇದೇ ಮನೆಯ ನೆಲಮಾಳಿಗೆಯ ತೇವ ಇತ್ತು, ಮೂವರ ಸಿಗರೇಟಿನ ಹೊಗೆಯಿತ್ತು. ಎರಡನೆಯದರ ಹೊತ್ತಿಗೆ ಊರೂರು ಸುತ್ತಿ ವಿನ್ಸಮ್‌ಳ ಗಂಟಲು ಒಡೆದಿತ್ತು. ಅದೇ ಚೆಂದ ಎಂದಿದ್ದರು ಜನ. ಮೂರನೆಯದನ್ನು ಮಾಡುವಾಗ ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ, ಬೇರೆ ಬೇರೆ ದಿನ ಬಂದು ತಮ್ಮ ತಮ್ಮ ಪಾಲು ಮುಗಿಸಿ ಹೋಗುತ್ತಿದ್ದರು. ಕೊನೆಗೆ ಲಿಂಟನ್ ಬರುವುದನ್ನೇ ಬಿಟ್ಟ. ಮೂರರಿಂದಲೂ ಆರಿಸಿದ್ದೆಲ್ಲ ಒಂದು ಗಂಟೆಯೊಳಗೆ ಕೇಳಿ ಮುಗಿದುಹೋಯಿತು. ಇಷ್ಟೇನಾ ನಮ್ಮ ಬದುಕು ಎನ್ನಿಸಿತು ವಿನ್ಸಮ್‌ಗೆ.

"ಎಲ್ಲೋ 'ಹಡಗುಕಟ್ಟೆ' ಹಾಡು?" ಎಂದಳು.

"ಅದು ಬರಲ್ಲ ವಿನ್. ವಕೀಲರು ತೆಗೆಸಿದ್ದಾರೆ."

"ಅವರಪ್ಪನ ಮನೆ ಗಂಟೇನೋ ತೆಗ್ಸೋಕೆ? ಲಿಂಟನ್ ಒಬ್ಬನೇ ಕೂತು ಮಾಡಿದ ಹಾಡು ಅದೊಂದೇ. ಮದುಮಗನನ್ನ ಬಿಟ್ಟು ದಿಬ್ಬಣ ಹೊರಡಿಸ್ತೀಯೇನೋ?"

"ನನ್ನ ಮೇಲೆ ಯಾಕೆ ಹಾರಾಡ್ತೀಯ? ಅದರಲ್ಲಿ ಗುನುಗೋ ಆ ಮುದುಕ ಯಾರು ಹೇಳು, ಈಗ್ಲೇ ಹಾಕಿಸ್ತೀನಿ."

ಆ ಹಾಡಿನಲ್ಲಿ ವಿನ್ಸಮ್‌ಳ ದನಿಯ ಕೆಳಗೆ, ಮೊದಲಿನಿಂದ ಕೊನೆಯವರೆಗೂ, ಯಾರೋ ಮುದುಕನೊಬ್ಬ ಮೂಗಿನಲ್ಲೇ ಗುನುಗುವುದು ಸುತ್ತುತ್ತಿರುತ್ತದೆ. ಲಿಂಟನ್ ಅದನ್ನು ಯಾವುದೋ ರೆಕಾರ್ಡಿನಿಂದ ತೆಗೆದಿದ್ದ. ಆಗ ಅದು ಯಾರದೆಂದು ಕೇಳುವವರಿರಲಿಲ್ಲ. ಈಗ ಆ ದನಿಯ ಒಡೆಯನ ಒಪ್ಪಿಗೆ ಇಲ್ಲದೆ ಹಾಡು ಹೊರಬರುವಂತಿಲ್ಲ. ಒಡೆಯನ ಹೆಸರೋ, ಲಿಂಟನ್ ಯಾರಿಗೂ ಹೇಳಿದವನಲ್ಲ. ಲಿಂಟನ್‌ನ ಹಾಗೆ ಸೇಂಟ್ ಪಾಲ್ಸ್ ಕೇರಿಯಲ್ಲಿ ಡಬ್ಬಾ ಸ್ಪೀಕರು ಹೊತ್ತು ಮನೆಮನೆಯಲ್ಲಿ ಕುಣಿತ ನಡೆಸುವವರೆಲ್ಲ ರೆಕಾರ್ಡನ್ನು ನೀರಲ್ಲಿ ನೆನೆಸಿ, ಚಮಚದಿಂದ ಲೇಬಲ್ ಕೆರೆದುಬಿಡುತ್ತಿದ್ದರು. ಎದುರಾಳಿ ಬಗ್ಗಿ ನೋಡಿ ಹೆಸರು ಓದಿಕೊಂಡರೆ ನಾಳೆ ಅದೇ ರೆಕಾರ್ಡು ಅವನ ಕೈಯಲ್ಲೂ ಇರುತ್ತದಲ್ಲ! ಕಳ್ಳರಿಗೆ ಹೆದರಿ ಬಾಗಿಲಿಗೇ ಗೋಡೆ ಕಟ್ಟಿದ ಹಾಗಾಗಿತ್ತು ಈಗ.

ಶನಿವಾರ ಇಬ್ಬರೂ ಲಿಂಟನ್‌ನ ತಾಯಿ ಈನಿಡ್‌ಳ ಮನೆಗೆ ಹೋದರು. ಅವನ ಪೆಟ್ಟಿಗೆಗಳೆಲ್ಲ ಅಲ್ಲಿದ್ದವು. ವಿನ್ಸಮ್‌ಗೆ ಆ ಮನೆಗೆ ಹೋಗಲು ಮನಸ್ಸಿರಲಿಲ್ಲ. ಮಗ ಊರಿಗೆಲ್ಲ ಹೆಸರಾದಾಗಲೂ ಆ ತಾಯಿ ಒಂದು ದಿನ ಬಂದು ಅವನ ಹಾಡು ಕೇಳಿದವಳಲ್ಲ.

"ಆಂಟಿ, ಅವನ ರೆಕಾರ್ಡು ಸ್ವಲ್ಪ ನೋಡ್ಬೇಕಿತ್ತು."

"ನೋಡಿ. ಎತ್ಕೊಂಡೇ ಹೋಗಿ ಬೇಕಾದ್ರೆ. ಮಹಡಿ ಕೋಣೆ ತುಂಬ ಜಾಗ ತಿಂತಾ ಬಿದ್ದಿವೆ," ಎಂದು ಈನಿಡ್ ಹಿಟ್ಟು ನಾದಲು ಅಡಿಗೆಮನೆಗೆ ಹೋದಳು.

ಜಾಗ ತಿನ್ನುತ್ತ ಬಿದ್ದ ಪೆಟ್ಟಿಗೆಗಳ ಮೇಲೆ ಒಂದು ಚೂರು ದೂಳಿರಲಿಲ್ಲ. ಕೆಲ್ವಿನ್ ತಂದಿದ್ದ ಸಣ್ಣ ಯಂತ್ರದ ಮೇಲೆ ಒಂದಾದ ಮೇಲೊಂದು ಹಾಕಿ ಕೇಳಿದರು. ಎಲ್ಲದರ ಲೇಬಲ್ಲೂ ಬೋಳು. ಕೊನೆಗೆ ಪೆಟ್ಟಿಗೆಗಳ ಹಿಂದೆ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅದರೊಳಗೆ ಚಿಕ್ಕದೊಂದು ರೆಕಾರ್ಡು, ಅದೂ ಬೋಳೇ. ಅದರ ನಡುಭಾಗಕ್ಕೆ ಮುಳ್ಳು ಇಟ್ಟದ್ದೇ ತಡ, ಚಟಪಟ ಸದ್ದಿನ ನಡುವೆ ಆ ಮುದುಕ ಗುನುಗಿದ.

"ಸಿಕ್ಕಿದ ನನ್ ಮಗ!" ವಿನ್ಸಮ್ ಚಪ್ಪಾಳೆ ತಟ್ಟಿದಳು.

ಕೆಲ್ವಿನ್ ನಗಲಿಲ್ಲ. ರೆಕಾರ್ಡನ್ನು ಬೆಳಕಿಗೆ ಹಿಡಿದ. "ಇದು ಅಂಗಡೀಲಿ ಮಾರೋದಲ್ಲ. ಯಾರೋ ದನಿ ಹಿಡಿಸಿಕೊಂಡಿರೋದು. ವೇಗವೂ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿನದು. ಲಿಂಟನ್ ಮೂವತ್ಮೂರರಲ್ಲಿ ಹಾಕಿ ನಿಧಾನಕ್ಕೆ ಎಳೆದಿದ್ದಾನೆ. ನಿಜವಾದ ದನಿ ಬೇರೇನೇ ಇರ್ಬೇಕು. ನನ್ನ ಯಂತ್ರದಲ್ಲಿ ಆ ವೇಗ ಇಲ್ಲ."

ಕೆಳಗೆ ಮುಂದಿನ ಕೋಣೆಯಲ್ಲಿ ರೇಡಿಯೋ, ರೆಕಾರ್ಡು ಎರಡೂ ನುಡಿಸುವ ಈನಿಡ್‌ಳ ಹಳೆಯ ರೇಡಿಯೋಗ್ರಾಮ್ ಇತ್ತು. "ಹಾಕ್ಕೊಳ್ಳಿ, ಆದ್ರೆ ಮೇಲಿರೋ ಕಸೂತಿ ಬಟ್ಟೆ ಮಡಿಸಿಡಿ," ಎಂದು ಅಡಿಗೆಮನೆಯಿಂದಲೇ ಅಪ್ಪಣೆಯಾಯಿತು. ಕೆಲ್ವಿನ್ ಎಪ್ಪತ್ತೆಂಟಕ್ಕೆ ತಿರುಗಿಸಿ ಮುಳ್ಳು ಇಟ್ಟ.

ಮುದುಕನಲ್ಲ. ಎಳೆ ಪ್ರಾಯದ ಹೆಂಗಸು.

"ಲಿಂಟನ್, ಮಗಾ, ಅಮ್ಮ ಕಣೋ. ಇಲ್ಲಿ ತುಂಬಾ ಚಳಿ. ಅಜ್ಜೀನ ಗೋಳು ಹುಯ್ಕೋಬೇಡ. ಬೇಗ ಕರೆಸ್ಕೋತೀನಿ. ಈಗ ಮಲಕ್ಕೋ, ಆಯ್ತಾ?" ಆಮೇಲೆ ಆ ಗುನುಗು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುವಾಗಿನ ಗುನುಗು.

ಈನಿಡ್ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದಳು. "ಎಲ್ಲಿತ್ತು ಅದು?"

"ಅವನ ಡಬ್ಬೀಲಿ, ಆಂಟಿ."

"ಸುಳ್ಳು. ಅದನ್ನ ಒಡೆದು ಹಾಕಿದ್ದ."

ಮುದುಕಿ ಅಲ್ಲೇ ಕುರ್ಚಿಗೆ ಕುಸಿದಳು. "ಎರಡು ವರ್ಷದೋನನ್ನ ಜಮೈಕಾದಲ್ಲಿ ನನ್ನಮ್ಮನ ಕೈಗೆ ಕೊಟ್ಟು ಹಡಗು ಹತ್ತಿದ್ದೆ. ಇಲ್ಲಿ ಆಸ್ಪತ್ರೇಲಿ ನೆಲ ಒರೆಸ್ತಿದ್ದೆ. ಈ ಬೀದಿ ರೇಡಿಯೋ ರಿಪೇರಿಯೋನು ದನಿ ಹಿಡಿದುಕೊಡ್ತಿದ್ದ. ಮಗು ನನ್ನ ದನಿ ಮರೀಬಾರ್ದು ಅಂತ ಕಳಿಸ್ದೆ. ಒಂಬತ್ತು ತುಂಬಿದ್ಮೇಲೆ ಕರೆಸ್ಕೊಂಡೆ. ವಿಮಾನ ಇಳಿದೋನನ್ನ ಮೊದ್ಲು ಕೇಳಿದ್ದೇ ಅದು, ಹಾಡು ಕೇಳ್ತಿದ್ಯೇನೋ ಅಂತ. ಒಡೆದು ಹಾಕ್ದೆ ಮಿಸ್ ಈನಿಡ್, ಅಂದ. ಮಿಸ್ ಈನಿಡ್! ಕೊನೇವರೆಗೂ ಹಾಗೇ ಕರೆದ. ಅಮ್ಮ ಅನ್ನೋದು ಅಜ್ಜಿಗೇ ಹೋಗ್ಬಿಟ್ಟಿತ್ತು. ಆಮೇಲೆ ಅವನ ಮುಂದೆ ನಾನು ಹಾಡ್ಲಿಲ್ಲ."

ಕೆಲ್ವಿನ್ ರೆಕಾರ್ಡನ್ನು ಅವಳ ಮುಂದೆ ಹಿಡಿದ. "ಆಂಟಿ, ಇಂಥದ್ದು ಹತ್ತಿಪ್ಪತ್ತು ಸಲಕ್ಕೆ ಸವೆಯುತ್ತೆ. ಇಲ್ನೋಡಿ, ಗೆರೆಯೆಲ್ಲ ಬಿಳಿಚಿಕೊಂಡಿದೆ. ನೂರಾರು ಸಲ ಹಾಕಿದ್ದಾನೆ."

ಆ ಚಟಪಟ ಸದ್ದನ್ನು ಪತ್ರಿಕೆಯವರು ಎಷ್ಟು ಹೊಗಳಿದ್ದರು, ಎಷ್ಟು ಜನ ಯಂತ್ರದಲ್ಲಿ ಅದನ್ನೇ ನಕಲು ಮಾಡಿದ್ದರು. ಅದು ಯಾವ ಚಮತ್ಕಾರವೂ ಆಗಿರಲಿಲ್ಲ. ಹುಡುಗನೊಬ್ಬ ತಾಯಿಯ ದನಿಯನ್ನು ಕೇಳಿ ಕೇಳಿ ಸವೆಸಿದ್ದು. ವಿನ್ಸಮ್‌ಗೆ ಅಳು ತಡೆಯಲಾಗಲಿಲ್ಲ.

"ಆಂಟಿ, ಈ ದನಿ ಅವನ ಹಾಡಲ್ಲಿದೆ. ನೀವು ಹೂಂ ಅಂದ್ರೆ ಆ ಹಾಡು ಉಳಿಯುತ್ತೆ."

"ಹಾಕ್ಕೊಳ್ಳಿ. ಊರೆಲ್ಲ ಕೇಳಲಿ. ಕೇಳಬೇಕಾದೋನು ಕೇಳಿದ್ನಂತಲ್ಲ, ಸಾಕು." ಈನಿಡ್ ಕೈಗಂಟಿದ ಹಿಟ್ಟನ್ನು ಉಜ್ಜಿ ತೆಗೆದಳು. "ಅವನು ಹೋದ ಒಂಬತ್ತನೇ ರಾತ್ರಿ, ನಮ್ಮ ಜಮೈಕಾದ ಪದ್ಧತಿ ಪ್ರಕಾರ, ಇದೇ ಕೋಣೇಲಿ ಎಲ್ರೂ ಬೆಳಗಿನ ತನಕ ಹಾಡಿ ಅವನ ಆತ್ಮಾನ ಕಳಿಸಿಕೊಟ್ರಿ. ನೀನೂ ಹಾಡ್ದೆ. ನಾನು ಬಾಯಿ ಬಿಡ್ಲಿಲ್ಲ ಕಣೇ. ಹೋಗೋ ಹೊತ್ತಲ್ಲಾದ್ರೂ ಅವನಿಗೆ ಬೇಡದ ದನಿ ಕಿವಿಗೆ ಬೀಳೋದು ಬೇಡ ಅಂತ ಸುಮ್ನೆ ಕೂತಿದ್ದೆ."

ವಿನ್ಸಮ್‌ಗೆ ಆ ರಾತ್ರಿ ಚೆನ್ನಾಗಿ ನೆನಪಿತ್ತು. ಮೂಲೆಯಲ್ಲಿ ತುಟಿ ಬಿಗಿದು ಕೂತ ಈ ಮುದುಕಿಯನ್ನು ನೋಡಿ, ಹೆತ್ತ ಹೊಟ್ಟೆಯೋ ಕಲ್ಲೋ ಎಂದು ಮನಸ್ಸಿನಲ್ಲೇ ಬೈಯುತ್ತ ಅವಳು ಹಾಡಿದ್ದಳು.